ದೊಡ್ಡ ಪರದೆ ಬರಲಿ ಎಂದು ಕಾದ ದಿನಗಳು

ಕಳೆದ ಶುಕ್ರವಾರ ಜುಮಾ ಕಳೆದು ಎಲ್ಲರೂ ಊಟಕ್ಕೆ ಕೂರುವ ಹೊತ್ತಿಗೆ ಶಾರ್ಜಾದಿಂದ ಇಚ್ಚನ ವಾಯ್ಸ್ ಮೆಸೇಜ್ ಬಂತು. "ಕೇಳಿದೆಯಾ? ದೊಡ್ಡ ಐಮ್ಯಾಕ್ ಬರುತ್ತದಂತೆ. 32 ಇಂಚು. ಈ ಸಲ ಗ್ಯಾರಂಟಿಯಂತೆ." ಎರಡು ಸಲ ಕೇಳಿದೆ. ಉತ್ತರ ಕೊಡದೆ ಫೋನನ್ನು ಮಗುಚಿ ಇಟ್ಟೆ. "ಈ ಸಲ ಗ್ಯಾರಂಟಿ" ಎಂಬ ಮಾತು ನಮ್ಮ ಮನೆಗೆ 2021ರಿಂದ ಬರುತ್ತಿದೆ. ಆ ಮಾತನ್ನು ನಂಬಿ ನಾವು ಏನು ಕಳೆದುಕೊಂಡೆವು ಎಂಬುದನ್ನು ಬರೆಯಬೇಕೆಂದು ಅವತ್ತೇ ಅನಿಸಿತು.

ಇದು ಕಂಪ್ಯೂಟರಿನ ಕಥೆ, ನಮಗೇಕೆ ಎಂದು ಅರ್ಧಕ್ಕೆ ಬಿಡಬೇಡಿ. ನಿಮ್ಮ ಮನೆಯಲ್ಲಿ ಅರುವತ್ತು ದಾಟಿದ ಉಪ್ಪ, ಉಮ್ಮ ಇದ್ದರೆ ದಯವಿಟ್ಟು ಕೊನೆಯವರೆಗೂ ಓದಿ.

ನಮ್ಮದು ಮೂಲದಲ್ಲಿ ಉಪ್ಪಳದ ಕಡೆ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಆ ಮೇಲೆ ಸರಕಾರಿ ಗುಮಾಸ್ತರಾಗಿದ್ದ ಉಪ್ಪನ ಬದುಕು ಕಾಸರಗೋಡು ಪೇಟೆಯ ಸುತ್ತಲೇ ತಿರುಗಿತು. ಕೊನೆಗೆ ವಿದ್ಯಾನಗರದಲ್ಲಿ ಐದು ಸೆಂಟ್ಸ್ ಜಾಗ, ಒಂದು ಮನೆ. ಸರಕಾರಿ ಕಾಲೇಜು, ಸಿವಿಲ್ ಸ್ಟೇಷನ್, ಸ್ಟೇಡಿಯಂ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಹೊರಗೆ ಕಾಲಿಟ್ಟರೆ ಮಲಯಾಳ. ಒಳಗೆ ಬ್ಯಾರಿ. ಉಪ್ಪ ಓದುವುದು, ಬರೆಯುವುದು, ಲೆಕ್ಕ ಹಾಕುವುದು ಮಾತ್ರ ಕನ್ನಡದಲ್ಲಿ.

ನಿವೃತ್ತರಾದ ಮೇಲೆ ಉಪ್ಪ ಒಂದು ಕೆಲಸ ಹಿಡಿದರು. ಬಲಿಯುಮ್ಮ ಆಡುತ್ತಿದ್ದ ಬ್ಯಾರಿ ಮಾತುಗಳನ್ನೆಲ್ಲ ನೆನಪು ಮಾಡಿಕೊಂಡು ಉದ್ದದ ಲೆಕ್ಕದ ಪುಸ್ತಕಗಳಲ್ಲಿ ಬರೆದಿಡುವುದು. ಅಡುಗೆಮನೆಯ ಪಾತ್ರೆಗಳ ಹೆಸರು, ಮೀನಿನ ಹೆಸರು, ಬೈಗುಳ, ಮಕ್ಕಳನ್ನು ಮಲಗಿಸುವ ಮಾತು. ಹೀಗೆ ಐದು ಪುಸ್ತಕ ತುಂಬಿತು. ಬ್ಯಾರಿ ಸಾಹಿತ್ಯ ಅಕಾಡೆಮಿ 2020ರಲ್ಲಿ ನಮ್ಮ ಭಾಷೆಗೇ ಒಂದು ಲಿಪಿ ಹೊರತಂದಾಗ ಉಪ್ಪ ತುಂಬ ಸಂತೋಷಪಟ್ಟರು. "ನೀವು ಕಲಿಯಿರಿ, ನನ್ನ ಕೈ ಪಳಗಿದ್ದು ಕನ್ನಡ ಅಕ್ಷರಕ್ಕೆ" ಎಂದು ಕನ್ನಡದಲ್ಲೇ ಮುಂದುವರಿಸಿದರು.

ಆದರೆ ಕನ್ನಡ ಅಕ್ಷರದಲ್ಲಿ ಬ್ಯಾರಿ ಬರೆಯುವಾಗ ಒಂದು ತೊಡಕಿದೆ. ಮಲಯಾಳದ 'ವ' ನಮ್ಮ ಬಾಯಲ್ಲಿ 'ಬ' ಆಗುತ್ತದೆ, ನಮಗೆಲ್ಲ ಗೊತ್ತು. ಹಾಗೆಯೇ ನಮ್ಮ ಮನೆಯ ಮಾತಿನಲ್ಲಿ 'ಳ' ಬರುವಲ್ಲಿ 'ಲ', 'ಣ' ಬರುವಲ್ಲಿ 'ನ'. ನೆರೆಮನೆಯವರು ಮಗಳನ್ನು 'ಮೋಳು' ಎಂದು ಕರೆದರೆ ಉಪ್ಪ ನನ್ನನ್ನು ಕರೆಯುವುದು 'ಮೋಲು' ಎಂದು. ಕನ್ನಡ ಕಲಿತ ಕೈ ಟೈಪ್ ಮಾಡುವಾಗ ತನಗೆ ತಿಳಿಯದೆಯೇ 'ಳ', 'ಣ' ಹಾಕಿಬಿಡುತ್ತದೆ. ಅದನ್ನು ಹಿಡಿಯಬೇಕಾದರೆ ಬಲಿಯುಮ್ಮನ ದನಿ ಕಿವಿಯಲ್ಲಿ ಉಳಿದಿರುವವರು ಪ್ರೂಫ್ ನೋಡಬೇಕು. ನಮ್ಮಲ್ಲಿ ಅಂಥವರು ಒಬ್ಬರೇ, ಉಪ್ಪ.

ಟೈಪ್ ಮಾಡುವವಳು ನಾನು. ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ನಿಕಾಹ್ ಕಾಗದ, ಮದ್ರಸದ ಸ್ಮರಣ ಸಂಚಿಕೆ, ಕನ್ನಡದ ಸಣ್ಣಪುಟ್ಟ ಪುಸ್ತಕಗಳು. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲೇ ನನ್ನ ಬೆರಳು ಓಡುತ್ತದೆ. 2018ರಲ್ಲಿ ಇಚ್ಚ ಊರಿಗೆ ಬರುವಾಗ ಗೆಳೆಯನೊಬ್ಬನಿಂದ ಕೊಂಡ 27 ಇಂಚಿನ ಐಮ್ಯಾಕ್ ತಂದುಕೊಟ್ಟ. ಅದರ ತೂಕವೇ ಒಂಬತ್ತೂವರೆ ಕಿಲೋ. ಮನೆಗೆ ಬಂದ ನೆಂಟರು ಟಿವಿ ಎಂದೇ ತಿಳಿದರು.

ಆಲ್-ಇನ್-ಒನ್ ಎಂದರೆ ಪರದೆಯ ಬೆನ್ನಿಗೇ ಕಂಪ್ಯೂಟರ್ ಅಂಟಿಕೊಂಡಿರುವ ಯಂತ್ರ. ಬೇರೆ ಡಬ್ಬಿ ಇಲ್ಲ, ವೈರುಗಳ ಗೊಂಡೆ ಇಲ್ಲ. ಗೋಡೆಗೆ ಒಂದು ಪ್ಲಗ್, ಅಷ್ಟೇ. ನನ್ನಂಥವಳಿಗೆ 27 ಇಂಚು ಏಕೆ ಬೇಕು? ಎ4 ಹಾಳೆಯ ಎತ್ತರ 29.7 ಸೆಂಟಿಮೀಟರ್. 27 ಇಂಚಿನ ಪರದೆಯ ಎತ್ತರ 33 ಸೆಂಟಿಮೀಟರಿಗಿಂತ ತುಸು ಹೆಚ್ಚು. ಹಾಳೆ ಅಚ್ಚಾಗಿ ಬರುವ ಅಳತೆಯಲ್ಲೇ ಪೂರ್ತಿಯಾಗಿ ಎದುರು ನಿಲ್ಲುತ್ತದೆ, ಅದೂ ಎರಡು ಹಾಳೆ ಪಕ್ಕಪಕ್ಕದಲ್ಲಿ. 15.6 ಇಂಚಿನ ಲ್ಯಾಪ್‌ಟಾಪಿನ ಪರದೆಯ ಎತ್ತರ ಹತ್ತೊಂಬತ್ತು ಸೆಂಟಿಮೀಟರ್ ಚಿಲ್ಲರೆ. ಅದರಲ್ಲಿ ಕೆಲಸ ಮಾಡುವುದೆಂದರೆ ಕಿಟಕಿಯ ಸಂದಿನಿಂದ ಮದುವೆ ಚಪ್ಪರ ನೋಡಿದ ಹಾಗೆ.

ಇನ್ನೊಂದು ವಿಷಯ ಚುಕ್ಕಿಗಳದ್ದು. ಆ ಪರದೆಯಲ್ಲಿ ಅಡ್ಡಕ್ಕೆ 5120, ಉದ್ದಕ್ಕೆ 2880 ಚುಕ್ಕಿ. ಇಂಚಿಗೆ 218. ಇಂಗ್ಲಿಷ್ ಅಕ್ಷರ ಗೆರೆಯ ಮೇಲೆ ಸಾಲಾಗಿ ಕೂರುತ್ತದೆ. ನಮ್ಮ ಕನ್ನಡದಲ್ಲಿ ತಲೆಯ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. 'ರಾಷ್ಟ್ರ', 'ಸ್ತ್ರೀ' ಎಂದು ಬರೆದರೆ ಒಂದಕ್ಷರಕ್ಕೆ ಎರಡು ಒತ್ತು ಜೋತುಬೀಳುತ್ತವೆ. ಚುಕ್ಕಿ ಕಡಿಮೆ ಇರುವ ಪರದೆಯಲ್ಲಿ ಆ ಒತ್ತುಗಳು ಶಾಯಿ ಬಿದ್ದ ಕಲೆಯ ಹಾಗೆ ಕಾಣುತ್ತವೆ. 'ಪ', 'ವ', 'ಷ', 'ಮ' ಇವುಗಳ ನಡುವಿನ ಅಂತರವೂ ಒಂದು ಸಣ್ಣ ಗೆರೆಯದ್ದು. ದೊಡ್ಡ ಪರದೆಯಲ್ಲಿ ಆ ಗೆರೆ ಸ್ಪಷ್ಟ. ಸಂಜೆ ಅಸರ್ ಕಳೆದು ಉಪ್ಪ ಚಾಯದ ಲೋಟ ಹಿಡಿದು ನನ್ನ ಪಕ್ಕ ಕೂರುತ್ತಿದ್ದರು. ನಾನು ಪುಟ ತಿರುಗಿಸುತ್ತಿದ್ದೆ, ಅವರು ಬೆರಳು ತೋರಿಸಿ ತಿದ್ದಿಸುತ್ತಿದ್ದರು. ಮೊದಲ ಎರಡು ಪುಸ್ತಕ ಹಾಗೆಯೇ ಮುಗಿಯಿತು.

2021ರ ಏಪ್ರಿಲಿನಲ್ಲಿ ಆಪಲ್ 24 ಇಂಚಿನ ಹೊಸ ಐಮ್ಯಾಕ್ ತೋರಿಸಿತು. ಏಳು ಬಣ್ಣ, 11.5 ಮಿಲಿಮೀಟರ್ ದಪ್ಪ. ಚಿಕ್ಕದು ಬಂತು, ಇನ್ನು ದೊಡ್ಡದರ ಸರದಿ ಎಂದು ಎಲ್ಲರೂ ಮಾತಾಡಿದರು. 30 ಇಂಚು ಎಂದರು, 32 ಎಂದರು. ಇಚ್ಚನಿಗಂತೂ ಹುಚ್ಚು. ದಿನಕ್ಕೊಂದು ವಿಡಿಯೊ ಕಳುಹಿಸುತ್ತಿದ್ದ.

ಅದೇ ವರ್ಷ ಅಕ್ಟೋಬರಿನ ಒಂದು ಸಂಜೆ. ತುಲಾ ತಿಂಗಳ ಮಳೆ ಹೇಗೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಮಧ್ಯಾಹ್ನದವರೆಗೆ ಸುಡು ಬಿಸಿಲು, ಮೂರು ಗಂಟೆಗೆ ಆಕಾಶ ಕಪ್ಪು, ಆಮೇಲೆ ಸಿಡಿಲು. ಗುಡುಗಿದ ಕೂಡಲೇ ಪ್ಲಗ್ ಕೀಳುವುದು ಮನೆಯ ನಿಯಮ. ಅವತ್ತು ನಾನು ಟೆರೇಸಿಗೆ ಬಟ್ಟೆ ತೆಗೆಯಲು ಓಡಿದೆ, ಪ್ಲಗ್ ಮರೆತೆ. ಕೆಳಗೆ ಬರುವಾಗ ಪರದೆ ಕಪ್ಪಾಗಿತ್ತು. ತಪ್ಪು ನನ್ನದೇ.

ಮಂಗಳೂರಿನ ಒಂದು ರಿಪೇರಿ ಅಂಗಡಿಗೆ ಒಯ್ದೆವು. ಅಲ್ಲಿನ ಹುಡುಗ ಬಿಚ್ಚಿ ನೋಡಿ ಹೇಳಿದ, "ಬೋರ್ಡ್ ಸುಟ್ಟಿದೆ ಅಕ್ಕಾ. ಪರದೆಗೆ ಏನೂ ಆಗಿಲ್ಲ." ಹಾಗಾದರೆ ಪರದೆಯನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಬಹುದಲ್ಲ ಎಂದೆ. ಅವನು ತಲೆ ಆಡಿಸಿದ. "ಪರದೆ ಜೀವಂತ ಇದೆ, ಮಾತಾಡಿಸಲು ಬಾಯಿ ಇಲ್ಲ." 2009ರಿಂದ 2014ರ ನಡುವಿನ ಎಷ್ಟೋ ಐಮ್ಯಾಕ್‌ಗಳನ್ನು ಬೇರೆ ಕಂಪ್ಯೂಟರಿನ ಮಾನಿಟರಾಗಿ ಬಳಸಲು ಬರುತ್ತಿತ್ತು. 5ಕೆ ಪರದೆ ಬಂದ ಮೇಲೆ ಆ ಸೌಲಭ್ಯ ಇಲ್ಲ. ಹೊಸ ಬೋರ್ಡಿನ ಬೆಲೆ ಕೇಳಿದರೆ ಹೊಸ ಯಂತ್ರವನ್ನೇ ಕೊಳ್ಳೋಣ ಅನಿಸುವ ಹಾಗಿತ್ತು. ಒಳ್ಳೆಯ ಪರದೆಯೊಂದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟೆವು.

"ಈಗ ಏನೂ ಕೊಳ್ಳಬೇಡ, ದೊಡ್ಡದು ಬರುತ್ತದೆ. ಬಂದ ಕೂಡಲೇ ನಾನು ತರುತ್ತೇನೆ" ಎಂದ ಇಚ್ಚ. ಗಲ್ಫ್ ಮನೆಗಳಲ್ಲಿ ಬೆಳೆದವರಿಗೆ ಈ ಮಾತಿನ ರುಚಿ ಗೊತ್ತು. ಮಿಕ್ಸಿ ಕೆಟ್ಟರೆ, ವಾಚು ನಿಂತರೆ, ಕಂಬಳಿ ಹರಿದರೆ ನಾವು ಅಂಗಡಿಗೆ ಹೋಗುವುದಿಲ್ಲ. ಅವರು ಬರುವಾಗ ತರುತ್ತಾರೆ ಎಂದು ಕಾಯುತ್ತೇವೆ. ಕಾಯುವುದು ನಮಗೆ ಕಷ್ಟವೇ ಅಲ್ಲ, ಅಭ್ಯಾಸ. ನಾನು ನನ್ನವರ ಹಳೆಯ ಲ್ಯಾಪ್‌ಟಾಪ್ ಎಳೆದುಕೊಂಡೆ. ಸದ್ಯಕ್ಕೆ ಇದು ಸಾಕು ಎಂದೆ. ಆ 'ಸದ್ಯಕ್ಕೆ' ಮೂರು ವರ್ಷ ಎಳೆಯಿತು.

ಆ ಮೂರು ವರ್ಷದಲ್ಲಿ ಏನಾಯಿತೆಂದು ಈಗ ಸಾಲಾಗಿ ಇಟ್ಟು ನೋಡಿದರೆ ನಗು ಬರುತ್ತದೆ. 2022ರ ಮಾರ್ಚಿನಲ್ಲಿ ಆಪಲ್ 27 ಇಂಚಿನ ಐಮ್ಯಾಕ್ ಮಾರುವುದನ್ನೇ ನಿಲ್ಲಿಸಿತು. ಅದೇ ಹೊತ್ತಿಗೆ 27 ಇಂಚಿನ 5ಕೆ ಪರದೆಯನ್ನು ಬೇರೆಯಾಗಿ, ಕಂಪ್ಯೂಟರನ್ನು ಬೇರೆಯಾಗಿ ಮಾರಲು ಇಟ್ಟಿತು. ಪರದೆಗೆ ಮಾತ್ರ ಭಾರತದಲ್ಲಿ 1,59,900 ರೂಪಾಯಿ. ನಾವು "ಇದು ನಮಗಲ್ಲ, ಆಲ್-ಇನ್-ಒನ್ ಬರಲಿ" ಎಂದೆವು. 2023ರ ಅಕ್ಟೋಬರಿನಲ್ಲಿ ಹೊಸ ಐಮ್ಯಾಕ್ ಬಂತು, ಅದೂ 24 ಇಂಚೇ. ನವೆಂಬರಿನಲ್ಲಿ, ತನ್ನ ಸ್ವಂತ ಚಿಪ್ಪಿನ 27 ಇಂಚಿನ ಐಮ್ಯಾಕ್ ಮಾಡುವ ಯೋಜನೆ ಇಲ್ಲವೆಂದು ಆಪಲ್ ಬಾಯಿಬಿಟ್ಟೇ ಹೇಳಿತು. ಅಲ್ಲಿಗಾದರೂ ನಾವು ಎಚ್ಚರಗೊಳ್ಳಬೇಕಿತ್ತು. ಇಚ್ಚ ಹೇಳಿದ, "27 ಇಲ್ಲ ಎಂದಿದ್ದಾರೆ. 32 ಇಲ್ಲ ಎಂದಿಲ್ಲವಲ್ಲ!" ಆಸೆಪಟ್ಟವನಿಗೆ ಇಲ್ಲ ಎಂಬ ಮಾತಿನಲ್ಲೂ ಒಂದು ಬಾಗಿಲು ಕಾಣುತ್ತದೆ. 2024ರ ಅಕ್ಟೋಬರಿನಲ್ಲಿ ಮತ್ತೆ ಬಂತು. ಮತ್ತೆ 24.

24 ಇಂಚು ಸಾಕಾಗುವುದಿಲ್ಲವೇ ಎಂದು ನೀವು ಕೇಳಬಹುದು. ಅದರ ಪರದೆಯ ನಿಜವಾದ ಅಳತೆ 23.5 ಇಂಚು, ಎತ್ತರ 29.3 ಸೆಂಟಿಮೀಟರಿನಷ್ಟು. ಎ4 ಹಾಳೆಗೆ ಕೂದಲೆಳೆಯಷ್ಟು ಕಡಿಮೆ! ಬೇರೆ ಕಂಪನಿಗಳಲ್ಲಿ ದೊಡ್ಡದು ಇರಲಿಲ್ಲವೇ ಎಂದೂ ಕೇಳಬಹುದು. ಇತ್ತು. ಎಚ್‌ಪಿ 2021ರಲ್ಲೇ 34 ಇಂಚಿನ ಆಲ್-ಇನ್-ಒನ್ ಮಾಡಿತ್ತು. ಲೆನೊವೊ 2023ರಲ್ಲಿ 31.5 ಇಂಚಿನದ್ದು ತೋರಿಸಿತ್ತು. ಮೈಕ್ರೋಸಾಫ್ಟ್ 2016ರಲ್ಲಿ ತಂದ 28 ಇಂಚಿನ ಯಂತ್ರವನ್ನು ಬರೆಯುವ ಮೇಜಿನ ಹಾಗೆ ಓರೆಯಾಗಿ ಬಗ್ಗಿಸಲು ಬರುತ್ತಿತ್ತು. ಆದರೆ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕಾಯುವವಳಿಗೆ ಎದುರಿಗಿರುವ ಹತ್ತು ಕಾಣುವುದಿಲ್ಲ. ಹೆಣ್ಣು ನೋಡುವವರ ಮನೆಯಲ್ಲಿ ಇದನ್ನು ಎಷ್ಟು ಕಂಡಿಲ್ಲ ನಾವು.

ಇಷ್ಟರ ನಡುವೆ ಉಪ್ಪ ಏನು ಮಾಡುತ್ತಿದ್ದರು?

ಮೊದಮೊದಲು ಲ್ಯಾಪ್‌ಟಾಪಿನ ಮುಂದೆಯೂ ಕೂತರು. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಹೊರಗೆ ಹೋಗುತ್ತಿತ್ತು, ಚಿಕ್ಕದು ಮಾಡಿದರೆ ಅವರಿಗೆ ಕಾಣುತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಕನ್ನಡಕ ತೆಗೆದು ಕಣ್ಣು ಉಜ್ಜುವರು. "ಇದರಲ್ಲಿ ಆಗುವುದಿಲ್ಲ ಮೋಲು." ನಾನು ಹೇಳಿದೆ, "ದೊಡ್ಡದು ಬರುತ್ತದೆ ಉಪ್ಪಾ, ಆಗ ಸುಖವಾಗಿ ಓದಬಹುದು." ಉಪ್ಪ ಒಪ್ಪಿದರು. ಮಗ ತರುತ್ತಾನೆ, ಮಗಳು ಹೇಳುತ್ತಾಳೆ. ಮೂರನೆಯ ಪುಸ್ತಕ ಅಲ್ಲಿಗೇ ನಿಂತಿತು.

2023ರಲ್ಲಿ ಒಂದು ದಿನ ಉಪ್ಪ ಹೇಳಿದರು, "ನಿನ್ನ ಲ್ಯಾಪ್‌ಟಾಪ್ ಹಾಳಾಗಿದೆ. ಗೆರೆ ಎಲ್ಲ ಸೊಟ್ಟ ಕಾಣುತ್ತದೆ." ನಾನು ನೋಡಿದೆ. ಗೆರೆ ನೇರವಾಗಿತ್ತು. ಹಳೆಯ ಪರದೆ, ಓರೆಯಿಂದ ನೋಡಿದರೆ ಹಾಗೆ ಕಾಣುತ್ತದೆ ಎಂದುಕೊಂಡೆ. ಇನ್ನೊಂದು ದಿನ ಅಕ್ಷರದ ನಡುವೆ ಮಸಿ ಬಿದ್ದ ಹಾಗಿದೆ ಎಂದರು. ಪರದೆ ಒರೆಸಿ ಕೊಟ್ಟೆ. ನನಗೆ ನಾನು ಹೇಳಿಕೊಂಡದ್ದೂ ಅವರಿಗೆ ಹೇಳಿದ್ದೂ ಅದೇ ಮಾತು: ಚಿಕ್ಕ ಪರದೆಯ ದೋಷ, ದೊಡ್ಡದು ಬಂದರೆ ಸರಿಯಾಗುತ್ತದೆ.

2024ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಉಪ್ಪ ಹಾಲ್‌ನಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದರು. ಒಂದು ಕೈಯಿಂದ ಬಲಗಣ್ಣು ಮುಚ್ಚಿದ್ದರು. "ಮೋಲು, ಆ ಬಾಗಿಲಿನ ದಾರಂದ ಯಾವಾಗ ಬಾಗಿತು?" ಎಂದು ಕೇಳಿದರು.

ನನ್ನ ಕೈಯಲ್ಲಿದ್ದ ಪಾತ್ರೆ ಹಾಗೇ ನಿಂತಿತು. ದಾರಂದ ಲ್ಯಾಪ್‌ಟಾಪ್ ಅಲ್ಲವಲ್ಲ.

ಮರುದಿನವೇ ಮಂಗಳೂರಿಗೆ ಹೋದೆವು. ಹೆದ್ದಾರಿ ಅಗಲ ಮಾಡುವ ಧೂಳಿನಲ್ಲಿ ಕಾರು ಇಂಚಿಂಚಾಗಿ ತೆವಳುವಾಗ ಉಪ್ಪ ತಮಾಷೆ ಮಾಡಿದರು. ಅವರ ಎರಡೂ ಕಣ್ಣಿನ ಪೊರೆ ಮೊದಲೇ ತೆಗೆಸಿ ಆಗಿತ್ತು. "ಕನ್ನಡದಲ್ಲಿ ಪೊರೆ ಎಂದರೆ ಕಣ್ಣಿನ ಕಾಯಿಲೆ, ನಮಗೆ ಪೊರೆ ಎಂದರೆ ಮನೆ. ಡಾಕ್ಟರು ಆಗಲೇ ನನ್ನ ಕಣ್ಣಿನಿಂದ ಮನೆ ಕಿತ್ತು ಹಾಕಿದ್ದಾರೆ, ಇನ್ನೇನು ತೆಗೆಯುತ್ತಾರೆ?" ಎಲ್ಲರೂ ನಕ್ಕೆವು. ನನ್ನ ನಗು ಗಂಟಲಿನಿಂದ ಮೇಲೆ ಬರಲಿಲ್ಲ.

ಕಾಯಿಲೆಯ ಹೆಸರು ಮ್ಯಾಕ್ಯುಲರ್ ಡಿಜನರೇಶನ್. ವಯಸ್ಸಾದ ಮೇಲೆ ಬರುವಂಥದ್ದು. ಕಣ್ಣಿನ ಹಿಂಭಾಗದ ಅಕ್ಷಿಪಟಲದ ನಡುವಿನ ಒಂದು ಸಣ್ಣ ಜಾಗ ಸವೆಯುತ್ತದೆ. ನಾವು ಓದುವುದು, ಮುಖ ಗುರುತಿಸುವುದು, ಸೂಜಿಗೆ ನೂಲು ಹಾಕುವುದು ಎಲ್ಲ ಆ ಜಾಗದಿಂದಲೇ. ಸುತ್ತಲಿನದ್ದು ಕಾಣುತ್ತದೆ, ನಡುವಿನದ್ದು ಮಸುಕು. ಇದರಲ್ಲಿ ಎರಡು ಬಗೆ. ಒಣ ಬಗೆಯದ್ದು ನಿಧಾನ. ಇನ್ನೊಂದರಲ್ಲಿ ಅಕ್ಷಿಪಟಲದ ಅಡಿಯಲ್ಲಿ ಬೇಡದ ರಕ್ತನಾಳ ಬೆಳೆದು ಸೋರುತ್ತದೆ. ಅದು ಬೇಗ ಕೆಡಿಸುತ್ತದೆ, ಆದರೆ ಬೇಗ ಹೋದರೆ ಕಣ್ಣಿಗೇ ಇಂಜೆಕ್ಷನ್ ಕೊಟ್ಟು ತಡೆಯಬಹುದು. ಉಪ್ಪನ ಬಲಗಣ್ಣಿನಲ್ಲಿ ಒಣ ಬಗೆಯದ್ದು, ಶುರುವಿನ ಹಂತ. ಎಡಗಣ್ಣಿನಲ್ಲಿ ಸೋರುವ ಬಗೆಯದ್ದು, ಗಾಯ ಒಣಗಿ ಕಲೆಯೇ ಆಗಿತ್ತು. "ಗೆರೆ ಸೊಟ್ಟ ಕಾಣಲು ಶುರುವಾಗಿ ಎಷ್ಟು ದಿನ ಆಯಿತು?" ಎಂದು ಡಾಕ್ಟರು ಕೇಳಿದರು. ದಿನ ಅಲ್ಲ, ವರ್ಷ ಎಂದು ಹೇಳುವಾಗ ನಾನು ನೆಲ ನೋಡಿದೆ. ಅವರು ಬೈಯಲಿಲ್ಲ. "ಆಗಲೇ ಬಂದಿದ್ದರೆ..." ಎಂದು ಶುರು ಮಾಡಿ ಉಪ್ಪನ ಮುಖ ನೋಡಿ ನಿಲ್ಲಿಸಿದರು.

ಯಾವ ಕಂಪನಿಯೂ ನಮಗೆ ದೊಡ್ಡ ಪರದೆ ಕೊಡುತ್ತೇವೆಂದು ಮಾತು ಕೊಟ್ಟಿರಲಿಲ್ಲ. ಮಾತು ಕೊಟ್ಟದ್ದು ನಾನು. ಬಾರದ ಪರದೆಯೊಂದರ ಹೆಸರು ಹೇಳಿ ಎದುರಿಗಿದ್ದ ಕಾಯಿಲೆಯನ್ನು ಮುಚ್ಚಿಟ್ಟೆ. ಉಪ್ಪನೂ ನಂಬಿದರು, ಏಕೆಂದರೆ ಕಣ್ಣು ಹೋಗುತ್ತಿದೆ ಎಂದು ನಂಬುವುದಕ್ಕಿಂತ ಪರದೆ ಚಿಕ್ಕದು ಎಂದು ನಂಬುವುದು ಸುಲಭ.

ಚಿಕಿತ್ಸೆ ಒಂದು ಹದಕ್ಕೆ ಬಂದ ಮೇಲೆ, 2025ರ ಜನವರಿಯಲ್ಲಿ, ಇಚ್ಚನಿಗೆ ಹೇಳದೆ ನಾನೇ ಮಂಗಳೂರಿಗೆ ಹೋಗಿ ಎರಡು ಸಾಮಾನು ಕೊಂಡೆ. ಒಂದು, 32 ಇಂಚಿನ ಬರೀ 4ಕೆ ಮಾನಿಟರ್, ಮೂವತ್ತು ಸಾವಿರದ ಆಸುಪಾಸು. ಇನ್ನೊಂದು, ಮ್ಯಾಕ್ ಮಿನಿ. ಎರಡು ತಿಂಗಳ ಹಿಂದೆಯಷ್ಟೇ ಹೊಸ ರೂಪದಲ್ಲಿ ಬಂದಿತ್ತು, ಬೆಲೆ 59,900ರಿಂದ ಶುರು. 12.7 ಸೆಂಟಿಮೀಟರ್ ಚೌಕ, ಐದು ಸೆಂಟಿಮೀಟರ್ ಎತ್ತರ. ಉಮ್ಮ ಅದನ್ನು ಟಿಫಿನ್ ಡಬ್ಬಿ ಎನ್ನುತ್ತಾರೆ. ಎರಡೂ ಸೇರಿ ಒಂದು ಲಕ್ಷ ದಾಟಲಿಲ್ಲ. ಯುಪಿಎಸ್ ಒಂದನ್ನೂ ಕೊಂಡೆ. ಸಿಡಿಲಿಗೆ ಡಬ್ಬಿ ಸುಟ್ಟರೂ ಪರದೆ ಉಳಿಯಬಹುದು, ಪರದೆ ಹೋದರೂ ಡಬ್ಬಿ ಉಳಿಯಬಹುದು.

ಮೂರು ವರ್ಷ ಕಾದದ್ದು ಇದಕ್ಕೇ ಆಗಿದ್ದರೆ ಇದು ಮೊದಲ ದಿನವೇ ಸಿಗುತ್ತಿತ್ತು. ಚುಕ್ಕಿಯ ಲೆಕ್ಕ ನನ್ನ ಕಣ್ಣು ಕಟ್ಟಿತ್ತು. 32 ಇಂಚಿನ 4ಕೆ ಪರದೆಯಲ್ಲಿ ಇಂಚಿಗೆ 138 ಚುಕ್ಕಿ ಮಾತ್ರ. ಹಳೆಯದರ 218 ನೆನೆದರೆ ನನ್ನ ಕಣ್ಣಿಗೆ ಒತ್ತಕ್ಷರದ ಅಂಚು ತುಸು ಒರಟು. ಆದರೆ ಎರಡು ಸೆಂಟಿಮೀಟರ್ ಎತ್ತರದ ಅಕ್ಷರ ಓದುವವರಿಗೆ 138 ಆದರೇನು, 218 ಆದರೇನು? ಅವರಿಗೆ ಬೇಕಾದದ್ದು ಜಾಗ. ಅಡ್ಡಕ್ಕೆ ಎಪ್ಪತ್ತು ಸೆಂಟಿಮೀಟರ್. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಸಾಲಿಗೆ ನಾಲ್ಕೈದು ಪದ.

ಈಗಲೂ ದೊಡ್ಡ ಆಲ್-ಇನ್-ಒನ್ ಬರುತ್ತದೋ ಇಲ್ಲವೋ ಎಂದು ಯಾರಾದರೂ ಕೇಳಿದರೆ, ಬಂದೀತು ಎನ್ನುತ್ತೇನೆ. ಅದೇ 218ರ ಲೆಕ್ಕದಲ್ಲಿ 32 ಇಂಚು ಮಾಡಿದರೆ ಅಡ್ಡಕ್ಕೆ ಆರು ಸಾವಿರ ಚುಕ್ಕಿ ಬೇಕು. ಅಂಥ 6ಕೆ ಪರದೆಯನ್ನು ಆಪಲ್ 2019ರಲ್ಲೇ ಮಾಡಿದೆ, ಡೆಲ್ 2023ರಲ್ಲಿ ಮಾಡಿದೆ. ಮಾಡುವ ವಿದ್ಯೆ ಇದೆ. ಆದರೆ ಪರದೆ ಒಂದು, ಕಂಪ್ಯೂಟರ್ ಒಂದು ಎಂದು ಎರಡು ಸಲ ಮಾರಬಹುದಾದದ್ದನ್ನು ಸೇರಿಸಿ ಒಂದೇ ಸಲ ಮಾರಲು ಕಂಪನಿಗಳಿಗೆ ಅವಸರ ಇರಲಿಕ್ಕಿಲ್ಲ. ಇದು ನನ್ನ ಊಹೆ ಮಾತ್ರ.

ಬರುವುದಾದರೆ ಹೇಗಿರಬೇಕು? ಸುಟ್ಟ ಯಂತ್ರವೊಂದನ್ನು ಅಟ್ಟದಲ್ಲಿ ಇಟ್ಟವಳಾಗಿ ನನ್ನ ಆಸೆ ಹೇಳುತ್ತೇನೆ. ಮೊದಲನೆಯದು, ಹಿಂದೆ ಒಂದು ಕಿಂಡಿ ಇರಲಿ. ಒಳಗಿನ ಕಂಪ್ಯೂಟರ್ ಸತ್ತರೂ ಪರದೆಗೆ ಬೇರೆಯದನ್ನು ಜೋಡಿಸುವಂತಿರಲಿ. ಕಂಪ್ಯೂಟರ್ ಏಳೆಂಟು ವರ್ಷಕ್ಕೆ ಹಳತಾಗುತ್ತದೆ, ಒಳ್ಳೆಯ ಪರದೆ ಅದರ ಎರಡು ಪಟ್ಟು ಬಾಳುತ್ತದೆ. ಬೇರೆ ಬೇರೆ ಆಯುಷ್ಯದ ಎರಡನ್ನು ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿದರೆ ಒಂದರ ಮರಣಕ್ಕೆ ಇನ್ನೊಂದೂ ಹೋಗಬೇಕು. ಎರಡನೆಯದು, ವಿದ್ಯುತ್ತಿನ ಅಡಾಪ್ಟರ್ ಹೊರಗಿರಲಿ. 24 ಇಂಚಿನ ಐಮ್ಯಾಕ್‌ನಲ್ಲಿ ಅದು ಹೊರಗೇ ಇದೆ. ನಮ್ಮ ತುಲಾ ತಿಂಗಳಿಗೆ ಅದೇ ಸರಿ.

ಮೂರನೆಯದು, ಸ್ಟ್ಯಾಂಡ್ ಮೇಲೆ ಕೆಳಗೆ ಆಗಲಿ. ಬೆನ್ನು ಬಾಗಿದವರು ತಲೆ ಎತ್ತಿ ಓದಬಾರದು. ನಾಲ್ಕನೆಯದು, ಗಾಜು ಹೊಳೆಯದಿರಲಿ. ನಮ್ಮ ಮನೆಗಳಲ್ಲಿ ಗಾಳಿಗೆಂದು ಕಿಟಕಿ ಸದಾ ತೆರೆದಿರುತ್ತದೆ, ಪರದೆಯಲ್ಲಿ ತೆಂಗಿನ ಮರವೇ ಕಾಣುತ್ತದೆ. 2024ರ ಐಮ್ಯಾಕ್‌ನಲ್ಲಿ ಹೆಚ್ಚಿನ ಹಣಕ್ಕೆ ಹೊಳಪು ತಗ್ಗಿಸಿದ ಗಾಜು ಸಿಗುತ್ತದೆ. ಐದನೆಯದು, ಹಿಂದಿನ ಬೆಳಕಿನ ವಿಷಯ. ಮಿನಿ-ಎಲ್‌ಇಡಿ ಪರದೆಯಲ್ಲಿ ಹಿಂದಿನ ಬೆಳಕು ತುಂಡುತುಂಡಾಗಿ ಉರಿಯುತ್ತದೆ. ಕಪ್ಪಿನ ಮೇಲೆ ಬಿಳಿ ಅಕ್ಷರ ಇಟ್ಟರೆ ಸುತ್ತ ಮಂಜಿನ ಹಾಗೆ ಬೆಳಕು ಹರಡಬಹುದು. ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಉರಿಯುವುದರಿಂದ ಆ ಮಂಜು ಇಲ್ಲ, ಆದರೆ ಒಂದೇ ಚಿತ್ರ ವರ್ಷಗಟ್ಟಲೆ ನಿಂತರೆ ಅದರ ಕಲೆ ಉಳಿಯುವ ಭಯ. ಅಂಗಡಿಯಲ್ಲಿ ಹೂವು, ಹಕ್ಕಿಯ ಚಿತ್ರ ತೋರಿಸಿದರೆ ಮರುಳಾಗಬೇಡಿ. ಕನ್ನಡದ ಒಂದು ಪುಟ ತೆರೆದು, ಓದಬೇಕಾದವರನ್ನೇ ಎದುರು ಕೂರಿಸಿ ನೋಡಿ.

ಇನ್ನು ಪರದೆಗಿಂತ ಮುಖ್ಯವಾದ ಮಾತು. ಇವತ್ತೇ ಮನೆಯ ಹಿರಿಯರನ್ನು ಕೂರಿಸಿ. ಓದುವ ಕನ್ನಡಕ ಹಾಕಿಸಿ, ಒಂದು ಕಣ್ಣು ಮುಚ್ಚಿಸಿ, ಗೆರೆ ಹೊಡೆದ ನೋಟ್‌ಪುಸ್ತಕವನ್ನೋ ಬಾಗಿಲಿನ ದಾರಂದವನ್ನೋ ನೋಡಲು ಹೇಳಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದರ ದೋಷ ಮುಚ್ಚಿಬಿಡುತ್ತದೆ. ಗೆರೆ ಬಾಗಿ ಕಂಡರೆ, ನಡುವೆ ಮಸುಕಿದ್ದರೆ, ಕನ್ನಡಕದ ಅಂಗಡಿಗಲ್ಲ, ಕಣ್ಣಿನ ಡಾಕ್ಟರ ಬಳಿ ಹೋಗಿ. ನೋಂಬು ಕಳೆಯಲಿ, ಮದುವೆ ಕಳೆಯಲಿ, ಮಗ ಬರಲಿ ಎಂದು ಕಾಯಬೇಡಿ.

ಈಗ ಅಸರ್ ಕಳೆದು ಉಪ್ಪ ಮತ್ತೆ ನನ್ನ ಪಕ್ಕ ಕೂರುತ್ತಾರೆ. ಮೊದಲು ದಿನಕ್ಕೆ ಹತ್ತು ಪುಟ ಆಗುತ್ತಿತ್ತು, ಈಗ ಎರಡು ಆದರೆ ಹೆಚ್ಚು. ಬಲಗಣ್ಣಿಗೆ ಸುಸ್ತಾದರೆ ನಾನು ಓದಿ ಹೇಳುತ್ತೇನೆ, ಅವರು ಕೇಳಿ ತಿದ್ದುತ್ತಾರೆ. ಮೂರನೆಯ ಪುಸ್ತಕ ಮುಗಿದಿದೆ, ನಾಲ್ಕನೆಯದು ಅರ್ಧದಲ್ಲಿದೆ. ಐದೂ ಮುಗಿಯುವವರೆಗೆ ಆ ಕಣ್ಣು ಇರಲಿ ಎಂದು ದುಆ ಮಾಡಿ.

ಮೊನ್ನೆ ಮೈಯ ಅಂಗಗಳ ಹೆಸರು ಬರುವ ಪುಟ ತೆರೆದಿದ್ದೆವು. ಉಪ್ಪ ಪರದೆಗೆ ತುಸು ಬಾಗಿ, ತಲೆಯನ್ನು ಒಂದು ಬದಿಗೆ ಓರೆ ಮಾಡಿ, ಒಂದು ಪದದ ಮೇಲೆ ಬೆರಳಿಟ್ಟರು.

"ಕಣ್ಣ್ ಎಂದು ಹಾಕಿದ್ದೀಯಲ್ಲ ಮೋಲು. ಅದು ಕನ್ನಡದವರದ್ದು, ಮಲಯಾಳದವರದ್ದು. ನಿನ್ನ ಬಲಿಯುಮ್ಮ ಹೇಳುತ್ತಿದ್ದದ್ದು ಕನ್ನ್."

ನಾನು 'ಣ' ಅಳಿಸಿ 'ನ' ಹಾಕಿದೆ. ಅವರು ಇನ್ನೊಮ್ಮೆ ಓದಿ, ಸರಿ ಎಂದು ಮುಂದಿನ ಸಾಲಿಗೆ ಬೆರಳು ಇಳಿಸಿದರು. ಇಚ್ಚನಿಗೆ ರಾತ್ರಿ ಉತ್ತರ ಕಳುಹಿಸಿದೆ: "ಬಂದರೆ ಬರಲಿ ಇಚ್ಚಾ. ನಾವು ಕಾಯುತ್ತಿಲ್ಲ. ನೀನು ಬರುವಾಗ ಉಪ್ಪನಿಗೆ ಒಂದು ಒಳ್ಳೆಯ ಮೇಜಿನ ದೀಪ ತಾ."